ಬಾಯಿಪಾಠವಾದ ಎದೆ

ನಮ್ಮ ಡಾಕ್ಟರರು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮೊದಲು ತಮ್ಮ ಅಂಗೈಯಲ್ಲಿ ಮುಚ್ಚಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಆಮೇಲೆಯೇ ಎದೆಗೆ. ಶಹಾಬಾದಿನಲ್ಲಿ ಅಷ್ಟು ಜೆಂಟಲ್ ಕೈ ಇನ್ನೊಬ್ಬರದಿರಲಿಲ್ಲ.

ಇನ್ನೂ ಮೈಸೂರು ರಾಜ್ಯವಿದ್ದ ಕಾಲ. ಒಂಬತ್ತು ವರ್ಷದ ನಾನು ಜ್ವರದಲ್ಲಿ ಕುದಿಯುತ್ತಿದ್ದೆ. ಡಾಕ್ಟರರು ಎದೆಗೆ ಕಿವಿಗೊಟ್ಟು ಅಪ್ಪನಿಗೆ ಹೇಳಿದರು: “ಬಡಿತದ ನಡುವ ಸುಯ್ ಅಂತದರಿ. ಹಾರ್ಟ್ ವೀಕ್ ಅದ. ಇಕಿನ್ನ ಓಡಸಬ್ಯಾಡ್ರಿ.”

ಓಡಲಿಲ್ಲ. ಕಾನ್ವೆಂಟಿನಲ್ಲಿ ಗೆಳತಿಯರು ಥ್ರೋಬಾಲ್ ಆಡುವಾಗ ಬೆಂಚಿನ ಮೇಲೆ ಅವರ ವಾಚು, ರಿಬ್ಬನ್ನು ಕಾಯುತ್ತ ಕೂತೆ. ಡಾಕ್ಟರರ ಮನೆ, ದವಾಖಾನೆ ಎರಡೂ ಮಹಡಿಯ ಮೇಲೆ. ಹದಿನೆಂಟು ಕಲ್ಲಿನ ಮೆಟ್ಟಿಲು. ರಜೆಗೆ ಹಾಸ್ಟೆಲಿನಿಂದ ಊರಿಗೆ ಬಂದಾಗ ನನಗೋಸ್ಕರ ಅವರೇ ಇಳಿದು ಬರುತ್ತಿದ್ದರು.

“ಅವಸರ ಮಾಡಬ್ಯಾಡ, ಮೇಡಂ. ನಿನಗಾಗಿ ವಾಡಿ ಜಂಕ್ಷನ್ನಾಗ ರೈಲೇ ನಿಂದರ್ತದ!”

ಎದೆ ನೋಡಿ ಎಂದರೆ, “ನಿನ್ನ ಎದಿ ನನಗ ಬಾಯಿಪಾಠ ಅದವ್ವಾ, ಮತ್ತೇನ್ ಕೇಳೋದು?” ಎಂದು ನಗುತ್ತಲೇ ಸ್ಕೂಲಿಗೆ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದರು. ಅದು ಪ್ರೀತಿಯೆಂದೇ ತಿಳಿದಿದ್ದೆ.

ಸೇಡಂನಿಂದ ಒಂದು ಸಂಬಂಧ ಬಂತು. ಹುಡುಗ ಲೆಕ್ಚರರ್, ನನಗೂ ಮನಸ್ಸಿತ್ತು. ಹುಡುಗನ ತಾಯಿ ನೇರ ಡಾಕ್ಟರರನ್ನೇ ವಿಚಾರಿಸಿದರು.

“ಹುಡುಗಿ ಬಂಗಾರ ಅದಾಳರಿ. ಆದ್ರ ಹೆರಿಗಿ ತಡ್ಯಂಗಿಲ್ಲ.”

ಆ ಸಂಬಂಧವೂ ಮುರಿಯಿತು, ಆಮೇಲಿನವೂ. ನಿಜ ಹೇಳಿದ್ದಕ್ಕೆ ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ! ನೆನೆದರೆ ಈಗಲೂ ನಾಚಿಕೆ.

ಮೂವತ್ತಾರನೆಯ ವಯಸ್ಸಿನಲ್ಲಿ ನನಗೆ ಹೈದರಾಬಾದಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಬೇಕಿತ್ತು. ಅದಕ್ಕೂ ಮುಂಚೆ ಅಲ್ಲಿನ ಸ್ಪೆಷಲಿಸ್ಟ್ ಮೂರು ಸಲ ನನ್ನ ಎದೆಗೆ ಕಿವಿಗೊಟ್ಟು, ಇಸಿಜಿ ತೆಗೆದು, ಪರ್ಫೆಕ್ಟ್‌ಲಿ ನಾರ್ಮಲ್ ಎಂದರು. ಮಕ್ಕಳಿಗೆ ಜ್ವರವಿದ್ದಾಗ ಅಂಥ ಸದ್ದು ಕೆಲವೊಮ್ಮೆ ಬಂದು ಹೋಗುತ್ತದಂತೆ. ಜ್ವರ ಇಳಿದ ಮೇಲೆ ಇನ್ನೊಮ್ಮೆ ಕೇಳಿದ್ದರೆ ಸಾಕಿತ್ತಂತೆ.

ಊರಿಗೆ ಮರಳಿ ಆ ಹದಿನೆಂಟು ಮೆಟ್ಟಿಲನ್ನು ಮೊದಲ ಸಲ ಏರಿದೆ, ಎಲ್ಲೂ ನಿಲ್ಲದೆ.

“ಅಯ್ಯ, ಯಾಕ ಏರಿ ಬಂದಿಯವ್ವಾ! ನಾನೇ ಇಳಿತಿದ್ನಲ್ಲ!”

“ಒಮ್ಮೆ ಕೇಳ್ರಿ,” ಎಂದೆ.

ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು.

“ಸಾಫ್ ಅದ.”

“ಯಾವಾಗಿಂದ?”

ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. “ಕೇಳಿದ್ರ ಗೊತ್ತಾಗ್ತಿತ್ತವ್ವಾ.”

ಮರುವರ್ಷ ಅವರು ತೀರಿಕೊಂಡರು. ಊರಿಗೆ ಊರೇ ಅತ್ತಿತು. ಅವರನ್ನು ಅದೇ ಮೆಟ್ಟಿಲಿಳಿಸಿ ತಂದಾಗ ನಾನೂ ಕೆಳಗೆ ಹೂ ಹಿಡಿದು ನಿಂತಿದ್ದೆ. ಕೈ ಏಳಲಿಲ್ಲ. ಹೂ ಮನೆಗೇ ಬಂತು.

ಈಗ ಚೆಕಪ್ಪಿಗೆ ಹೋದರೆ, ಮೊಮ್ಮಗಳ ವಯಸ್ಸಿನ ಡಾಕ್ಟರು ಮಂಜುಗಡ್ಡೆಯಂಥ ಸ್ಟೆತಾಸ್ಕೋಪನ್ನು ಥಟ್ಟನೆ ಎದೆಗೆ ಒತ್ತುತ್ತಾಳೆ. “ಸಾರಿ ಆಂಟಿ, ಕೋಲ್ಡ್ ಅದ,” ಎನ್ನುತ್ತಾಳೆ.

ಇರಲಿ ಬಿಡವ್ವಾ. ಕೇಳುತ್ತೀಯಲ್ಲ.