ಹೈರಮನ ಬಿಳಿ ಚೆಂಡು

ಓಹಿಯೋ ನದಿಯ ಮಂಜು ಇನ್ನೂ ಬೇಸ್‌ಬಾಲ್ ಮೈದಾನ ಬಿಟ್ಟಿಲ್ಲ. ಚೆಂಡೆಸೆಯುವ ಪಿಚರ್ ಹೈರಮ್ ಸ್ಟೌಟ್ ಆಗಲೇ ಅರವತ್ತು ಚೆಂಡು ಎಸೆದಿದ್ದಾನೆ. ಎದುರಿಗೆ ಬ್ಯಾಟರ್ ಇಲ್ಲ. ಬ್ಯಾಟರ್ ಪಕ್ಕದ ನೆಲದಲ್ಲಿ ಹುಗಿದ ಗುರಿಹಲಗೆ, ಆ ಪ್ಲೇಟಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಮುದಿ ಕ್ಯಾಚರ್ ಗಸ್ ಮೋಲರ್ ಒಬ್ಬನೇ. ಆದರೂ ಒಂದೊಂದು ಚೆಂಡೂ ಬ್ಯಾಟರ್ ನಿಲ್ಲುವ ಜಾಗದಿಂದ ದೂರ, ಪ್ಲೇಟಿನ ಆಚೆ ಅಂಚಿಗೇ ಹೋಗುತ್ತದೆ.

"ಒಳಬದಿಗೆ ಹಾಕೋ ಮಾರಾಯಾ! ಶನಿವಾರದ ಪಂದ್ಯದಲ್ಲೂ ಹಿಂಗೇ ಆದ್ರೆ ಗಂಟುಮೂಟೆ ಕಟ್ಟಿಸ್ತಾರೆ," ಗಸ್ ಬೈಯುತ್ತಾನೆ.

"ಅವನು ಸರೀಲಿ, ಹಾಕ್ತೀನಿ," ಹೈರಮ್ ಬ್ಯಾಟರಿನ ಖಾಲಿ ಜಾಗದತ್ತ ನೋಡುತ್ತಾನೆ.

ಗಾಜಿನ ಕಾರ್ಖಾನೆಯ ಕುಲುಮೆ ಬಿಟ್ಟು ಬಂದವನು ಹೈರಮ್. ಈ ಪುಟ್ಟ ಲೀಗಿನಲ್ಲಿ ಒಂಬತ್ತು ವರ್ಷ, ನೂರ ಮೂವತ್ತೆರಡು ಗೆಲುವು. ದೊಡ್ಡ ಊರಿನ ಪತ್ರಿಕೆಯಲ್ಲಿ ಹೆಸರು ಬಂದಿದ್ದು ಒಮ್ಮೆ ಮಾತ್ರ, ಹೋದ ಸೆಪ್ಟೆಂಬರಿನಲ್ಲಿ.

ಇಲ್ಲಿ ಇಡೀ ಪಂದ್ಯಕ್ಕೆ ಒಂದೇ ಚೆಂಡು. ಹೊಸದು ಕೈಗೆ ಬಂತೆಂದರೆ ತಂಡದವರೆಲ್ಲ ಹೊಗೆಸೊಪ್ಪಿನ ಎಂಜಲು ಉಗುಳಿ, ಮಣ್ಣು ತಿಕ್ಕಿ, ಬ್ಯಾಟರಿಗೆ ಸರಿಯಾಗಿ ಕಾಣದಂತೆ ಇದ್ದಿಲಿನ ಹಾಗೆ ಕಪ್ಪಗೆ ಮಾಡುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಸೆಪ್ಟೆಂಬರಿನ ಆ ಸಂಜೆ ಮಬ್ಬುಗತ್ತಲಾಗಿ ಅಂಪೈರ್ ಆಟ ನಿಲ್ಲಿಸಲು ಹೊರಟಿದ್ದ. "ಇನ್ನೊಬ್ಬನೇ ಸ್ವಾಮಿ, ಮುಗಿಸಿಬಿಡ್ತೀನಿ" ಎಂದವನು ಹೈರಮ್. ಎದುರಾಳಿ ಬ್ಯಾಟರ್ ಓವೆನ್ ಪ್ರಿಚರ್ಡ್ ನಿಂತಲ್ಲಿಂದ ಕದಲಲೇ ಇಲ್ಲ. ಕಪ್ಪು ಚೆಂಡು ಕಣತಲೆಗೆ ಬಡಿಯಿತು. ಬೆಳಗಾಗುವುದರೊಳಗೆ ಅವನ ಪ್ರಾಣ ಹೋಗಿತ್ತು.

"ಅವನಿಗೆ ಚೆಂಡು ಕಾಣ್ಲೇ ಇಲ್ಲ. ಕಾಣದ ಹಾಗೆ ಮಾಡಿದ್ದು ನಾನೇ," ಎನ್ನುತ್ತಾನೆ ಹೈರಮ್.

ಒಳಬದಿಗೆ, ಬ್ಯಾಟರಿನ ಮಗ್ಗುಲಿಗೆ ಎಸೆಯಲು ಅವನಿಗಿರುವ ಅಂಜಿಕೆ ಈಗ ಲೀಗಿಗೆಲ್ಲ ಗೊತ್ತು. ಬ್ಯಾಟರುಗಳು ಪ್ಲೇಟಿಗೆ ಅಂಟಿಕೊಂಡು ನಿಂತು ಬಾರಿಸುತ್ತಾರೆ. ಸತತ ಆರು ಸೋಲು. ಗಸ್‌ನ ಚಿಂತೆಯೇ ಬೇರೆ. ದಿನಾ ಬೆಳಿಗ್ಗೆ ಅವನು ಬ್ಯಾಟರಿನ ಜಾಗದ ಮಣ್ಣು ಎಳೆದು ಸಮ ಮಾಡುತ್ತಾನೆ. ಎಸೆತ ಶುರುವಾದ ಮೇಲೆ ಅಲ್ಲಿ ಎರಡು ಮೊಳೆಬೂಟಿನ ಗುರುತುಗಳು ಮೂಡುತ್ತವೆ.

"ನಾನು ಕುಡಿಯೋನಲ್ಲಪ್ಪ, ಚರ್ಚಿಗೆ ಹೋಗೋನು," ಎಂದು ಗಸ್ ಪಿಸುಗುಡುತ್ತಾನೆ. "ಪಕ್ಕದಲ್ಲೇ ಯಾರದೋ ಉಸಿರು ಕೇಳುತ್ತೆ."

ಇಂದು ಹೈರಮ್ ಜೇಬಿನಿಂದ ಹೊಸ ಚೆಂಡು ತೆಗೆಯುತ್ತಾನೆ. ಉಗುಳುವುದಿಲ್ಲ, ತಿಕ್ಕುವುದಿಲ್ಲ. ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ.

"ಓವೆನ್, ನೋಡ್ಕೊಳಪ್ಪ. ಬೆಳ್ಳಗಿದೆ. ಒಳಬದಿಗೆ ಬರುತ್ತೆ."

ಚೆಂಡು ನೇರ ಒಳ ಅಂಚಿಗೆ ನುಗ್ಗಿ ಗಸ್‌ನ ಕೈಗವಸಿಗೆ ಬಡಿಯುತ್ತದೆ. ಮಣ್ಣಿನಲ್ಲಿ ಬೂಟೊಂದು ಸರ್ರನೆ ಹಿಂದೆ ಸರಿದ ಗೀರು ಬೀಳುತ್ತದೆ. ಗಸ್ ಆ ಗೀರನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ.

"ಶನಿವಾರ ಬಿಳಿ ಚೆಂಡು ಎಸೆದ್ರೆ ಹೊಡೆದು ಚಿಂದಿ ಮಾಡ್ತಾರೆ ಕಣೋ," ಎನ್ನುತ್ತಾನೆ.

"ಹೊಡೀಲಿ ಬಿಡು," ಹೈರಮ್ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಾನೆ. "ಸಂಜೆ ಎಲ್ರೂ ಅವರವರ ಮನೇಲಿ ಕೂತು ಉಣ್ಣಲಿ. ನನಗಷ್ಟು ಸಾಕು."