ಬಂದೂಕು ಕೇಳಲು ಹೋದವಳು

ನಿನ್ನೆ ನಮ್ಮ ಮನೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಿಸಿದೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಕೈ ಪಳಗಿಸಿದ ಮೆಕ್ಯಾನಿಕ್ಕು, ಮನೆಗೊಂದರಂತೆ ಇರುವ ನಮ್ಮಂಥವರ ಒಂಟಿ ಯಂತ್ರಕ್ಕೆ ಬರುವುದೇ ದೊಡ್ಡ ಉಪಕಾರ ಎಂಬ ಮುಖ ಹೊತ್ತು ಬಂದು, ಚಕ್ರ ತಿರುಗಿಸಿ, ಸಂದಿಗೊಂದು ಹನಿ ಬಿಟ್ಟು, ಹಳೆ ಬಟ್ಟೆಯಲ್ಲಿ ಒರೆಸಿ ಹೋದ. ಅವನು ಹೋದ ಮೇಲೂ ಆ ವಾಸನೆ ಮನೆಯಲ್ಲೇ ಕೂತಿತ್ತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ನನಗೆ ಮಾತ್ರ ಎದೆ ಡವಡವ ಎಂದಿತು, ಹೆದರಿಕೆಯಿಂದಲ್ಲ, ಉಮೇದಿನಿಂದ. ಹೊಲಿಗೆ ಯಂತ್ರದ ಎಣ್ಣೆಗೂ ಬಂದೂಕಿನ ಎಣ್ಣೆಗೂ ವಾಸನೆಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಇದು ನಿನಗೆ ಹೇಗೆ ಗೊತ್ತು ಎಂದು ನೀವು ಕೇಳಬೇಕು. ಕೇಳಿ. ಕೇಳದಿದ್ದರೂ ಹೇಳುವ ಸ್ವಭಾವ ನನ್ನದು.

ನಮ್ಮದು ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ಬೇರು ಬಿಟ್ಟ ಕನ್ನಡದ ಮನೆ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಒಳಗಿನ ಕನ್ನಡವೂ ಅಷ್ಟೇನೂ ಮಡಿ ಉಟ್ಟುಕೊಂಡಿರುವುದಿಲ್ಲ. ಅಕ್ಷರವಂತೂ ನಾನು ಕಲಿತದ್ದು ತಲೆ ನೆರೆತ ಮೇಲೆ. ಇಲ್ಲಿ ನಡುವೆ ಎಲ್ಲಾದರೂ ತಮಿಳು ಇಣುಕಿದರೆ ದಯವಿಟ್ಟು ಬಾಗಿಲು ಹಾಕಬೇಡಿ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವಳು ಅವಧಿಗೆ ಮುಂಚೆಯೇ ಕೆಲಸ ಬಿಟ್ಟೆ. ಇಡೀ ದಿನ ಮನೆಯಲ್ಲಿದ್ದರೆ ಅಮ್ಮನಿಗೂ ನನಗೂ ಜಟಾಪಟಿ ತಪ್ಪಿದ್ದಲ್ಲ ಎಂದು ಗೊತ್ತಾಗುವ ಹೊತ್ತಿಗೆ ಪರಿಚಯದ ಡಾಕ್ಟರೊಬ್ಬರು ತಮ್ಮ ಪುಟ್ಟ ಟ್ರಸ್ಟಿಗೆ ಕರೆದರು. ಸೈನ್ಯದಿಂದ ನಿವೃತ್ತರಾದವರಲ್ಲಿ ಆತ್ಮಹತ್ಯೆ ತಡೆಯುವ ಕಾರ್ಯಕ್ರಮ. ಕೊಯಮತ್ತೂರು, ತಿರುಪ್ಪೂರು ಎರಡು ಜಿಲ್ಲೆಗೂ ನಾನೇ ಸಂಯೋಜಕಿ. "ಬ್ಯಾಂಕಿನ ಕಾವಲಿಗೆ ಬರೋರೆಲ್ಲ ಮಾಜಿ ಸೈನಿಕರು ತಾನೆ? ಅವರ ಗುಣ ನಿಮಗೆ ಗೊತ್ತಿರುತ್ತೆ" ಎಂದರು ಡಾಕ್ಟರು. ಅಷ್ಟು ವರ್ಷ ನಾನು ಆ ಕಾವಲಿನವರನ್ನು ಕೇಳಿದ್ದು "ಟೀ ಆಯ್ತಾ" ಎಂದು ಮಾತ್ರ. ಅದನ್ನು ಡಾಕ್ಟರಿಗೆ ಹೇಳಲು ಹೋಗಲಿಲ್ಲ.

ಅಮ್ಮನಿಗೆ ಹೇಳಿದಾಗ ಅವಳು ಬತ್ತಿ ಹೊಸೆಯುತ್ತಿದ್ದಳು. "ಬೇರೆ ನಲ್ಲ ಕೆಲಸ ಸಿಗ್ಲಿಲ್ವಾ ನಿಂಗೆ? ವಿಳಕ್ಕು ಹಚ್ಚೋ ಹೊತ್ನಲ್ಲಿ ಆ ಮಾತು ಬಾಯಲ್ಲಿ ತರ್ಬೇಡ" ಎಂದಳು. ನಮ್ಮ ಮನೆಯಲ್ಲಿ ಆ ಮಾತಿಗೆ ಯಾವ ಹೊತ್ತೂ ಒಳ್ಳೆಯ ಹೊತ್ತಲ್ಲ.

ಮೊದಲ ಸಭೆ ಕುರಿಚಿಯಲ್ಲಿ, ಫೌಂಡ್ರಿಗಳ ಹತ್ತಿರದ ಒಂದು ಹಾಲಿನಲ್ಲಿ. ಬಾಗಿಲಿಗೆ ದೊಡ್ಡ ಬ್ಯಾನರು, ಅದರಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಆ ಪದ. ವಡೆ ತರಿಸಿದ್ದೆ, ಮೈಕು ತರಿಸಿದ್ದೆ, ಹೊಸ ಸೀರೆ ಉಟ್ಟಿದ್ದೆ. ಒಬ್ಬನೇ ಒಬ್ಬ ಬರಲಿಲ್ಲ. ಕೊನೆಗೆ ಒಳಬಂದವರು ಪಳನಿಸಾಮಿ ಎಂಬ ನಿವೃತ್ತ ಹವಾಲ್ದಾರರು, ಅದೇ ರಸ್ತೆಯಲ್ಲಿ ಲೇತ್ ಮೆಷಿನ್ನಿನ ವರ್ಕ್‌ಶಾಪ್ ಇಟ್ಟುಕೊಂಡವರು. ಅವರೂ ಬಂದದ್ದು ಕನಿಕರದಿಂದ. "ಆ ಬೋರ್ಡಿನ ಕೆಳಗೆ ಬಂದು ಕೂತೋನು ನನಗೆ ಆ ಯೋಚನೆ ಇದೆ ಅಂತ ಊರಿಗೇ ಡಂಗುರ ಹೊಡೆದ ಹಾಗಲ್ವಾಮ್ಮಾ? ಅದನ್ನ ಬಿಚ್ಚಿಬಿಡಿ" ಎಂದು ತಮಿಳಿನಲ್ಲಿ ಹೇಳಿ ವಡೆಗೆ ಕೈ ಹಾಕಿದರು. ಬ್ಯಾನರು ಇಳಿಯಿತು. ಪಿಂಚಣಿ, ಮಂಡಿನೋವು, ನಿದ್ದೆ ಬಾರದಿರುವುದು ಎಂದೆಲ್ಲ ಶುರುಮಾಡಿದ ಮೇಲೆ ಜನ ಬರತೊಡಗಿದರು. ಪಳನಿಸಾಮಿ ನನ್ನ ಬಲಗೈಯಾದರು.

ಡಾಕ್ಟರು ನಮಗೆಲ್ಲ ತರಬೇತಿ ಕೊಟ್ಟರು. ಅದರಲ್ಲಿ ಎರಡು ಮಾತು ನನ್ನ ತಲೆಗೆ ಹತ್ತಿದವು. ಒಂದು: ಅನುಮಾನ ಬಂದರೆ ಸುತ್ತಿ ಬಳಸದೆ ನೇರವಾಗಿ ಕೇಳಿ, ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬುದು ಈ ಒಂದು ವಿಷಯಕ್ಕೆ ಸಲ್ಲದು. ಇನ್ನೊಂದು: ಆ ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ, ಅದು ಬಂದಾಗ ಜೀವಕ್ಕೆ ಅಪಾಯ ತರುವಂಥದ್ದು ಕೈಗೆ ಸಿಗದಿದ್ದರೆ, ಎಷ್ಟೋ ಜನ ಆ ಗಳಿಗೆಯನ್ನು ದಾಟಿಬಿಡುತ್ತಾರೆ. ನನಗೆ ರೋಮಾಂಚನವಾಯಿತು. ಇಷ್ಟೇನಾ? ನಿವೃತ್ತಿಯಾದ ಮೇಲೆ ಬ್ಯಾಂಕಿನ ಕಾವಲಿಗೆಂದು ಲೈಸೆನ್ಸ್ ಮಾಡಿಸಿ ಬಂದೂಕು ಕೊಂಡವರು ನಮ್ಮ ಕಡೆ ಎಷ್ಟೋ ಜನ. ಈಗ ಕಾವಲು ಬಿಟ್ಟಿದ್ದಾರೆ, ಬಂದೂಕು ಮನೆಯಲ್ಲಿದೆ. ಹೋಗಿ ಕೇಳುವುದು, ಅಂಗಡಿಯಲ್ಲಿ ಇಡಿಸುವುದು! ಪರವಾನಗಿ ಇರುವ ಬಂದೂಕಿನ ಅಂಗಡಿಯವರು ಹೀಗೆ ಇಟ್ಟುಕೊಳ್ಳುತ್ತಾರೆ, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನು. ಮರುದಿನವೇ ಸ್ಟೀಲ್ ಪಾತ್ರೆಯವಳ ಹಾಗೆ ಮನೆಮನೆಗೆ ಹೊರಟೆ.

ಮೆಟ್ಟುಪಾಳ್ಯಂನಲ್ಲಿ ಒಬ್ಬರು ನಕ್ಕು ಅಡಿಕೆ ಕೊಟ್ಟು ಕಳಿಸಿದರು. ಇನ್ನೊಬ್ಬರ ಹೆಂಡತಿ ನನ್ನನ್ನು ಪೊಲೀಸಿನವಳೆಂದು ತಿಳಿದು ಬಾಗಿಲೇ ತೆಗೆಯಲಿಲ್ಲ. ನನ್ನ ಸಪ್ಪೆ ಮುಖ ನೋಡಿ ಪಳನಿಸಾಮಿ ಹೇಳಿದರು: "ಎದಿರಿ ಮಟ್ಟುಂದಾಂಗಮ್ಮಾ ಗನ್ನ ಕೇಪ್ಪಾನ್." ಸೈನಿಕನ ಕೈಯಿಂದ ಬಂದೂಕು ಕೇಳುವವನು ಶತ್ರು ಮಾತ್ರವಂತೆ. ಅವರ ಹತ್ತಿರವೂ ಒಂದು ಇತ್ತು. ಅವರೂ ಕೊಡಲಿಲ್ಲ.

ಆ ಓಡಾಟದಲ್ಲಿಯೇ ನಂಜಪ್ಪಣ್ಣ ಸಿಕ್ಕಿದ್ದು. ಪಳನಿಸಾಮಿಯ ರೆಜಿಮೆಂಟಿನವರೇ, ಸುಬೇದಾರರಾಗಿ ನಿವೃತ್ತರಾದವರು. ಮಡತ್ತುಕುಳಂ ಹತ್ತಿರ ಅಮರಾವತಿಯ ನೀರು ಹರಿಯುವ ಕಡೆ ಗದ್ದೆ, ಒಂದಿಷ್ಟು ತೆಂಗು. ದಾಖಲೆಯಲ್ಲಿ ನಂಜಪ್ಪನ್, ಮನೆಮಾತು ಕನ್ನಡ. ಅವರು "ಬನ್ನೀಂಗ, ಕೂತ್ಕೊಳ್ಳೀಂಗ" ಎಂದ ಕೂಡಲೇ ನನಗೆ ತವರಿನ ಕಡೆಯವರು ಸಿಕ್ಕಷ್ಟು ಖುಷಿಯಾಯಿತು. ಹೆಂಡತಿ ರಂಗಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಕ್ಕಳಿಲ್ಲ. ನಾನು ಹೋದಾಗ ಜಗಲಿಯ ಮೇಲೆ ಹಳೆ ಜಮಖಾನ ಹಾಸಿಕೊಂಡು, ಬಂದೂಕು ಬಿಚ್ಚಿ, ಒಂದೊಂದು ಭಾಗಕ್ಕೂ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಅದೇ ವಾಸನೆ! ನಾನು ಕೇಳಬಂದದ್ದನ್ನು ಕೇಳಿದೆ. ಅವರು ಒರೆಸುವುದನ್ನು ನಿಲ್ಲಿಸದೆ, "ಬೇರೆ ಏನ್ ವೇಣುಂನಾಲೂ ಕೇಳೀಂಗ. ತೆಂಗಿನಕಾಯಿ ಎತ್ಕೊಂಡೋಗೀಂಗ" ಎಂದರು. ಬಂದೂಕು ಬಿಟ್ಟು ಏನು ಬೇಕಾದರೂ ಎಂದು. ಕಾಯಿ ಎತ್ತಿಕೊಂಡು ಬಂದೆ.

ಅಷ್ಟರಲ್ಲಿ ಚುನಾವಣೆ ಬಂತು ನೋಡಿ! ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದು ಎಲ್ಲ ಮುಗಿದ ಮೇಲೆ ವಾಪಸು ಪಡೆಯಬೇಕು. ನನ್ನ ಎದುರು ಮುಖ ತಿರುಗಿಸಿದವರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಂದೂಕನ್ನು ಸೀರೆಯ ತುಂಡಿನಲ್ಲೋ ಗೋಣಿಯಲ್ಲೋ ಸುತ್ತಿಕೊಂಡು ಬಂದು, ತಮ್ಮ ತಮ್ಮ ಠಾಣೆಯ ಮುಂದೆ ಹರಟುತ್ತ, ಒಬ್ಬರ ಬಂದೂಕನ್ನು ಇನ್ನೊಬ್ಬರು ಹೀಯಾಳಿಸುತ್ತ, ರಸೀದಿ ಜೇಬಿಗೆ ಹಾಕಿ ಟೀ ಕುಡಿದು ಹೋದರು. ನಾಚಿಕೆಯ ಲವಲೇಶ ಇಲ್ಲ. ಏಕೆಂದರೆ ಎಲ್ಲರೂ ಕೊಡುತ್ತಿದ್ದರು. ಹತ್ತರ ಜೊತೆ ಹನ್ನೊಂದು! ಮಡತ್ತುಕುಳಂನಲ್ಲಿ ನಂಜಪ್ಪಣ್ಣನೂ ಒಪ್ಪಿಸಿದ್ದರು. ನಾನು ರಸ್ತೆಯ ಆಚೆಯಿಂದ ನೋಡುತ್ತ ನಿಂತವಳು ಸಂತೋಷ ತಡೆಯಲಾರದೆ ಪಳನಿಸಾಮಿಯ ಬೆನ್ನಿಗೆ ಒಂದು ಗುದ್ದಿದೆ. ಒಬ್ಬೊಬ್ಬರನ್ನೇ ಕೇಳಿದರೆ ಅವಮಾನ, ಒಟ್ಟಿಗೆ ಕೇಳಿದರೆ ಶಿಸ್ತು. ಫಲಿತಾಂಶದ ನಂತರ ಎಲ್ಲರೂ ಒಟ್ಟಾಗಿ ಬಂದೂಕುಗಳನ್ನು ಠಾಣೆಯಿಂದ ನೇರವಾಗಿ ಅಂಗಡಿಗೇ ಒಯ್ದರೆ? ಪಳನಿಸಾಮಿ ಬೆನ್ನು ಉಜ್ಜಿಕೊಳ್ಳುತ್ತ, "ನೋಡೋಣ, ನೋಡೋಣ" ಎಂದರು.

ಆ ತಿಂಗಳ ಸಡಗರವನ್ನು ಏನು ಹೇಳಲಿ. ಬೀದಿಬೀದಿಗೆ ಧ್ವನಿವರ್ಧಕ, ಗೋಡೆಗೋಡೆಗೆ ಬಣ್ಣ. ಚುನಾವಣೆ ಅಂದರೆ ನನಗೆ ಮೊದಲಿನಿಂದಲೂ ಹಬ್ಬ. ಯಾವ ಕ್ಷೇತ್ರದಲ್ಲಿ ಯಾರು, ಯಾರ ಮುನಿಸು ಯಾರ ಮೇಲೆ, ಎಲ್ಲ ಬಾಯಿಪಾಠ. ನಂಜಪ್ಪಣ್ಣನೂ ಹಾಗೇ ಅಂದುಕೊಂಡೆ. ಅವರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು: "ಎಣಿಕೆ ತಾರೀಖು ಅದೇ ತಾನೇಂಗ? ಮುಂದೆ ಹೋಗಲ್ಲ ತಾನೆ?" ಅಬ್ಬಾ, ಮನುಷ್ಯ ಚೇತರಿಸಿಕೊಂಡರು, ರಾಜಕೀಯದಲ್ಲಿ ಆಸಕ್ತಿ ಬಂದಿದೆ ಎಂದು ನಾನು ಡಾಕ್ಟರಿಗೂ ವರದಿ ಒಪ್ಪಿಸಿದೆ. ಎಣಿಕೆಯ ಹಿಂದಿನ ದಿನ ಮಧ್ಯಾಹ್ನ ಹರಟೆ ಹೊಡೆಯೋಣವೆಂದು ನಾನೇ ಫೋನು ಮಾಡಿ, "ನಿಮ್ಮ ಕಡೆ ಯಾರು ಗೆಲ್ತಾರೆ ನಂಜಪ್ಪಣ್ಣಾ?" ಎಂದೆ.

"ಯಾರು ನಿಂತವರೋ ನಂಗೆ ತೆರಿಯಾದುಂಗ" ಎಂದರು.

ಗೊತ್ತಿಲ್ಲವಂತೆ. ತಿಂಗಳಿಂದ ತಾರೀಖು ಕೇಳುತ್ತಿರುವವರಿಗೆ ಯಾರು ನಿಂತಿದ್ದಾರೆಂದೇ ಗೊತ್ತಿಲ್ಲ. ಅವರು ಕಾಯುತ್ತಿದ್ದದ್ದು ಫಲಿತಾಂಶಕ್ಕಲ್ಲ, ಬಂದೂಕು ಮನೆಗೆ ಬರುವ ದಿನಕ್ಕೆ. ಪಳನಿಸಾಮಿಗೆ ಫೋನು ಮಾಡಿ ಇಷ್ಟೇ ಹೇಳಿದೆ. ಆ ಕಡೆ ಲೇತ್ ಮೆಷಿನ್ನು ನಿಂತ ಸದ್ದು ಕೇಳಿಸಿತು. ಅವರು ಆ ಕ್ಷಣವೇ ಹೊರಟು ರಾತ್ರಿಯ ಊಟಕ್ಕೆಂಬ ನೆಪದಲ್ಲಿ ಸ್ನೇಹಿತ ನಂಜಪ್ಪಣ್ಣನ ಮನೆ ಸೇರಿದರು. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ನಾನೂ ಹೋದೆ.

ಎಣಿಕೆಯ ದಿನ. ಬಸ್ಸಿನ ತುಂಬ ಎಲ್ಲರ ಮೊಬೈಲಿನಲ್ಲೂ ಸುತ್ತುಗಳ ಲೆಕ್ಕ. ಉಡುಮಲೈ ದಾಟುವಾಗ ಒಬ್ಬ ಅಭ್ಯರ್ಥಿ ಮುಂದಿದ್ದ, ಮಡತ್ತುಕುಳಂ ಬರುವಷ್ಟರಲ್ಲಿ ಇನ್ನೊಬ್ಬ. ಜೀವಮಾನದಲ್ಲಿ ಮೊದಲ ಸಲ ನನಗೆ ಯಾರು ಗೆದ್ದರೂ ಒಂದೇ ಆಗಿತ್ತು. ಮನೆಯೊಳಗೆ ಟಿವಿ ಅರಚುತ್ತಿತ್ತು. ನಂಜಪ್ಪಣ್ಣ ಕ್ಷೌರ ಮಾಡಿಕೊಂಡು, ತೊಳೆದ ಪಂಚೆ ಉಟ್ಟು ನೆಟ್ಟಗೆ ಕೂತಿದ್ದರು. ಮನೆ ಗುಡಿಸಿ ಸಾರಿಸಿ ಅಚ್ಚುಕಟ್ಟಾಗಿತ್ತು. ಊರು ಬಿಟ್ಟು ಹೊರಟವರ ಮನೆಯ ಅಚ್ಚುಕಟ್ಟು ಅದು.

ಆ ಪ್ರಶ್ನೆಯನ್ನು ನಾನು ತಮಿಳಿನಲ್ಲಿ ಎಷ್ಟೋ ಸಲ ಕೇಳಿ ಅಭ್ಯಾಸ ಮಾಡಿದ್ದೆ, ಇಂಗ್ಲಿಷಿನಲ್ಲೂ. ಮನೆಯ ಕನ್ನಡದಲ್ಲಿ ಒಮ್ಮೆಯೂ ಇಲ್ಲ. ಅದು ಊಟಕ್ಕೆ ಕರೆಯುವ, ಜ್ವರ ವಿಚಾರಿಸುವ ಭಾಷೆ. ಅಮ್ಮನ ಮುಖ ಕಣ್ಣ ಮುಂದೆ ಬಂತು. ಆದರೂ ಕೇಳಿದೆ: "ನಂಜಪ್ಪಣ್ಣಾ, ಗನ್ ಬಂದ ಮೇಲೆ ಸಾಯ್ಬೇಕು ಅಂತ ಇದೀರಾ?"

ಅವರು ರಿಮೋಟ್ ಹುಡುಕಿ ಟಿವಿಯ ಸದ್ದು ಇಳಿಸಿದರು. "ಆಮಾಂಗ" ಎಂದರು. ಹೌದು ಎಂದು. "ರಂಗ ಹೋದಾಗಿಂದ ಎಲ್ರೂ ಬಂದು ಸಾಪಾಡು ಆಯ್ತಾ ಅಂತ ಕೇಳ್ತಾರೆ. ಇದನ್ನ ಯಾರೂ ಕೇಳ್ಲಿಲ್ಲ" ಎಂದರು.

ನಿಜ ಹೇಳುತ್ತೇನೆ, ನನಗೆ ಒಳಗೆಲ್ಲೋ ಕುಣಿಯುವಷ್ಟು ಸಂತೋಷವಾಗಿತ್ತು. ಅವರು ಹೇಳಿಬಿಟ್ಟಿದ್ದರು. ಹೇಳಿದವರು ನನ್ನ ಎದುರಿಗೆ, ಉಸಿರಾಡುತ್ತ, ಕೂತಿದ್ದರು. ಪಳನಿಸಾಮಿ "ಡೇ ನಂಜಪ್ಪಾ" ಎಂದವರು ಸ್ನೇಹಿತನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟರು. ಡಾಕ್ಟರಿಗೆ ಫೋನು ಮಾಡಿದೆ. ಒಬ್ಬರನ್ನೇ ಬಿಡಬೇಡಿ, ನಾಳೆ ಕರೆದುಕೊಂಡು ಬನ್ನಿ ಎಂದರು. ಆಮೇಲೆ ನಾವು ಮೂವರೂ ಕೂತೆವು. ಹೊರಗೆ ಪಟಾಕಿ ಸಿಡಿಯುತ್ತಿತ್ತು, ಮೂಕ ಟಿವಿಯಲ್ಲಿ ಅಂಕಿಗಳು ಏರಿ ಇಳಿಯುತ್ತಿದ್ದವು, ನಂಜಪ್ಪಣ್ಣ ರಂಗಮ್ಮನ ಕಥೆ ಹೇಳುತ್ತಿದ್ದರು. ಪಠಾಣಕೋಟಿನ ಚಳಿಯಲ್ಲಿ ಅವಳು ರಾಗಿಮುದ್ದೆ ಕಟ್ಟಲು ಹೋಗಿ ಪಕ್ಕದ ಕ್ವಾರ್ಟರ್ಸಿನ ಪಂಜಾಬಿ ಹೆಂಗಸನ್ನು ಹೆದರಿಸಿದ್ದು ಹೇಳುವಾಗ ಅವರೇ ನಕ್ಕರು. ನಾನು ಅಡುಗೆಮನೆ ಹೊಕ್ಕು ಉಪ್ಪಿಟ್ಟು ಮಾಡಿದೆ, ಸೀಯಿಸಿದೆ, ಮೂವರೂ ತಿಂದೆವು.

"ಗನ್ನು ಅಂಗಡೀಲಿ ಇಡೋಣ್ವಾ?" ಎಂದೆ ಸಂಜೆ. ಅವರು ಸ್ನೇಹಿತನನ್ನು ನೋಡಿದರು. "ನಂದೂ ಇಡ್ತೀನಿ ಕಣೋ" ಎಂದರು ಪಳನಿಸಾಮಿ. "ಇಬ್ರೂ ಒಟ್ಟಿಗೆ ಹೋಗೋಣ. ಉಳಿದೋರನ್ನೂ ಎಳ್ಕೊಂಡು ಬರ್ತೀನಿ."

"ಸಾಯೋದು ಎಂದಿಗೂ ಬೇಡ ಅಂತ ಮಾತ್ರ ನಾನು ಮಾತು ಕೊಡಲ್ಲಾಂಗ" ಎಂದರು ನಂಜಪ್ಪಣ್ಣ. "ಕೊಟ್ಟ ಮಾತು ತಪ್ಪಿ ಪಳಕ್ಕಂ ಇಲ್ಲ ನಂಗೆ. ಇವತ್ತು ಬೇಡ. ಅಷ್ಟೇ ಹೇಳೋಕ್ಕಾಗೋದು. ನಾಳೆದು ನಾಳೆ ಕೇಳೀಂಗ."

ಕೇಳಿದೆ. ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಕೇಳಿದೆ, "ಇವತ್ತು ಬೇಡ" ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿ ಮುಗಿಯುತ್ತಲೂ ಫೋನು ಮಾಡಿ ಕೇಳುತ್ತೇನೆ. ಮಾತ್ರೆ ನುಂಗಲು ಗೊಣಗಾಡುತ್ತಾರೆ, ಡಾಕ್ಟರನ್ನು ಬೈಯುತ್ತಾರೆ, ತೆಂಗಿಗೆ ಬಿಳಿನೊಣ ಬಿದ್ದದ್ದಕ್ಕೂ ನನ್ನನ್ನೇ ಬೈಯುತ್ತಾರೆ. ಕೆಲವು ದಿನ "ಇವತ್ತು ಬೇಡ" ಎನ್ನುವ ಮುಂಚೆ ಬಹಳ ಹೊತ್ತು ಸುಮ್ಮನಿರುತ್ತಾರೆ. ಆ ದಿನ ನಾನೋ ಪಳನಿಸಾಮಿಯೋ ಬಸ್ಸು ಹತ್ತುತ್ತೇವೆ. ಅಂಗಡಿಯ ಕಪಾಟಿನಲ್ಲಿ ಈಗ ಅವರಿಬ್ಬರದಲ್ಲದೆ ಇನ್ನೂ ಹಲವರ ಬಂದೂಕುಗಳಿವೆ. ಅಮ್ಮ ಕೂಡ ಬದಲಾಗಿದ್ದಾಳೆ, ನಾನು ಫೋನು ಕೆಳಗಿಟ್ಟ ಕೂಡಲೇ "ಏನಂದ್ರು?" ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಫೋನು ಮಾಡಿದರೆ ಲೈನು ಬಿಜಿ. ಮತ್ತೆ ಮಾಡಿದೆ, ಬಿಜಿ. ಅವರಿಗೆ ಬೆಳಿಗ್ಗೆ ನನ್ನದಲ್ಲದೆ ಇನ್ಯಾರ ಫೋನೂ ಬರುವುದಿಲ್ಲ. ಪಳನಿಸಾಮಿಗೆ ಮಾಡಿದರೆ ಅವರ ಲೈನು ಖಾಲಿಯೇ ಇತ್ತು, ಅವರಿಗೂ ಏನೂ ಗೊತ್ತಿರಲಿಲ್ಲ. ನಾನು ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿದ್ದೆ, ಅಮ್ಮ ಬಾಗಿಲಲ್ಲಿ ಕೈ ಮುಗಿದುಕೊಂಡು ನಿಂತಿದ್ದಳು, ಆಗ ಅವರೇ ಮಾಡಿದರು.

"ಎಲ್ಲಿ ಹೋಗಿದ್ರಿ?" ಎಂದು ಕಿರುಚಿದೆ.

"ಎಲ್ಲೂ ಇಲ್ಲಾಂಗ. ನಮ್ಮ ರೆಜಿಮೆಂಟಿನೋನು ಒಬ್ಬ, ಧಾರಾಪುರದ ಕಡೆಯೋನು. ನೆನ್ನೆಯಿಂದ ಅವನ ಮಾತು ಸರಿಯಾಗಿ ಇರ್ಲಿಲ್ಲ. ಅದಕ್ಕೆ ಬೆಳಿಗ್ಗೇನೇ ಫೋನ್ ಹಾಕಿ ನೇರಾ ಕೇಳ್ಬಿಟ್ಟೆ. ಪಳನಿಸಾಮಿನ ಅಲ್ಲಿಗೆ ಕಳ್ಸೀಂಗ, ನಾನೂ ಬಸ್‌ಸ್ಟಾಂಡಿಗೆ ಬಂದಾಯ್ತು."

"ಏನಂದ್ರು ಅವರು?"

"ಇವತ್ತು ಬೇಡ ಅಂದ" ಎಂದರು ನಂಜಪ್ಪಣ್ಣ. "ನಾಳೆದು ನಾಳೆ ನಾನು ಕೇಳ್ತೀನಿ."