ಅವ್ವನ ಎಡಗೈ

ನನ್ನ ಅವ್ವ ಕಾಶೆವ್ವನಷ್ಟು ಹಟದ ಹೆಂಗಸನ್ನು ನಾನು ಇನ್ನೂ ಕಂಡಿಲ್ಲ. ಮಸಗುಪ್ಪಿಯಲ್ಲಿ ಎಮ್ಮೆ ಸಾಕಿ ಡೇರಿಗೆ ಹಾಲು ಹಾಕಿ ನಮ್ಮನ್ನು ಬೆಳೆಸಿದವಳು. ಬೆಳಿಗ್ಗೆ ಮೈತೊಳೆದು, ಹಣೆಗೆ ವಿಭೂತಿ ಬಳಿದು, ಕೊರಳಲ್ಲಿನ ಬೆಳ್ಳಿ ಕರಡಿಗೆ ತೆರೆದು, ಅದರೊಳಗಿನ ಇಷ್ಟಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ಕೂತಳೆಂದರೆ ಮುಗಿಯಿತು. ಎಮ್ಮೆ ಒದರಲಿ, ನಾವು ಹಸಿದು ಅಳಲಿ, ಡೇರಿಯವನು ಬಾಗಿಲಲ್ಲಿ ನಿಂತು ಕೂಗಲಿ, ಏಳುತ್ತಿರಲಿಲ್ಲ. ಪೂಜೆಯಾಗದೆ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುತ್ತಿರಲಿಲ್ಲ.

ನನ್ನ ಮದುವೆಯ ಮಾರನೆಯ ದಿನ ಗೋಕಾಕದ ನನ್ನ ಅತ್ತೆಯ ಮನೆಯಲ್ಲಿ ನಳಕ್ಕೆ ನೀರು ಬರಲಿಲ್ಲ. ಜಳಕವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ ಅಂತ ಅವ್ವ ಹೋಳಿಗೆಯ ತಾಟನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ಕೂತಳು. ಬೀಗರೆಲ್ಲ ಕೈಮುಗಿದು ಬೇಡಿಕೊಂಡರೂ ಜಗ್ಗಲಿಲ್ಲ. ನನಗೆ ಭೂಮಿಯೊಳಗೆ ಹೋಗಿಬಿಡುವಷ್ಟು ನಾಚಿಕೆಯಾಗಿತ್ತು. ನನ್ನ ಅತ್ತೆ ಇವತ್ತಿಗೂ ಸಿಟ್ಟು ಬಂದಾಗ ಆ ಹೋಳಿಗೆಯ ಮಾತೆತ್ತುತ್ತಾಳೆ.

ಅಪ್ಪ ತೀರಿಕೊಂಡ ದಿನವೂ ಹಾಗೆಯೇ. ಮಣ್ಣು ಮಾಡಿ ಬಂದ ಮೇಲೆ ಅವ್ವ ಮೈತೊಳೆದು ಲಿಂಗ ಹಿಡಿದು ಕೂತಳು. ಕಣ್ಣೀರು ಅಂಗೈಗೆ ಬೀಳುತ್ತಿತ್ತು. ಆಮೇಲೆ ಎದ್ದು ನಮಗೂ ಬಡಿಸಿ ತಾನೂ ಎರಡು ತುತ್ತು ಉಂಡಳು. ಓಣಿಯ ಹೆಂಗಸರು ಗುಸುಗುಸು ಆಡಿಕೊಂಡಾಗ, "ಹೋದಾವ ನನ್ನ ಗಂಡ. ಅದಕ್ಕ ಇದನ್ಯಾಕ ಉಪವಾಸ ಕೆಡವಲಿ?" ಅಂತ ಕೊರಳ ಕರಡಿಗೆ ಮುಟ್ಟಿ ತೋರಿಸಿದಳು.

ಹೋದ ವರ್ಷ ಜಾರಿ ಬಿದ್ದು ಅವ್ವನ ಸೊಂಟ ಮುರಿಯಿತು. ಆಮೇಲೆ ನೆನಪೂ ಹೋಗುತ್ತ ಬಂತು. ಆಗ ಆಕೆ ಮೂಡಲಗಿಯಲ್ಲಿ ನನ್ನ ತಮ್ಮ ಮಲ್ಲೇಶನ ಹತ್ತಿರ ಇದ್ದಳು. ಅವನೂ ಅವನ ಹೆಂಡತಿಯೂ ಹಗಲೆಲ್ಲ ದುಡಿಯಲು ಹೋಗುವವರು. ನನ್ನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಎಲ್ಲರೂ ಕೂಡಿ ಮಾತಾಡಿ, ಅವ್ವನನ್ನು ಹುಕ್ಕೇರಿಯ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಸೇರಿಸಿದೆವು ಅಂತ ಸಾಲೆಗೆ ಸೇರಿಸಿದ ಹಾಗೆ ಹೇಳುತ್ತೇವೆ. ಸಾಲೆಗೆ ಹೋದವರು ಸಂಜೆ ಮನೆಗೆ ಬರುತ್ತಾರೆ.

ರೂಢಿಯಾಗುವವರೆಗೆ ಒಂದು ತಿಂಗಳು ಯಾರೂ ಬರಬೇಡಿ ಅಂತ ಅಲ್ಲಿಯವರು ಹೇಳಿದ್ದರು. ತಿಂಗಳು ಮುಗಿದ ಮೇಲೆ ಬಂದ ಮೊದಲ ಭಾನುವಾರ ನಾನು ರವೆ ಬೆಲ್ಲದ ಸಜ್ಜಕ ಮಾಡಿ ಡಬ್ಬಿಗೆ ತುಂಬಿಕೊಂಡು ಗೋಕಾಕದಿಂದ ಬಸ್ಸು ಹತ್ತಿದೆ.

ಅವ್ವ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು. ಕೂದಲನ್ನು ಗಿಡ್ಡ ಕತ್ತರಿಸಿದ್ದರು. ನನ್ನನ್ನು ನೋಡಿ ನಕ್ಕಳು.

"ಪಾರಿ, ಬಂದೇನವಾ? ಎಮ್ಮಿ ಹಿಂಡಿದೇನ?"

"ಹಿಂಡೇನ ಬೇ," ಅಂದೆ. ಎಮ್ಮೆ ಮಾರಿ ಎಷ್ಟೋ ವರ್ಷವಾಗಿತ್ತು. ಆದರೂ ನನ್ನ ಗುರುತು ಸಿಕ್ಕಿತಲ್ಲ ಅಂತ ಜೀವ ತಣ್ಣಗಾಯಿತು.

ಅಷ್ಟರಲ್ಲಿ ಊಟ ಬಂತು. ಅಲ್ಲಿ ಮುದುಕಿಯರನ್ನು ನೋಡಿಕೊಳ್ಳುವ ಸಾಯಿರಾ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು, ಅನ್ನದ ತಾಟು ತಂದಿಟ್ಟಳು. ಅವ್ವ ತಾಟಿನ ಕಡೆ ನೋಡಲಿಲ್ಲ. ಬಲಗೈಯ ಮೂರು ಬೆರಳಿನಿಂದ ಬರಿ ಹಣೆಯನ್ನು ಉಜ್ಜಿಕೊಂಡು ಎಡಗೈಯನ್ನು ಎದೆಯ ಮುಂದೆ ಚಾಚಿದಳು. ಸಾಯಿರಾ ಆ ಅಂಗೈಯಲ್ಲಿ ಒಂದು ಬಿಸ್ಕತ್ತು ಇಟ್ಟಳು. ಅವ್ವ ಅದನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಬಾಯಿಗೆ ಹಾಕಿಕೊಂಡಳು.

"ನೋಡಿದ್ರಲ್ರಿ ಅಕ್ಕಾರ?" ಸಾಯಿರಾಳ ಮುಖ ಅರಳಿತ್ತು. "ಬಂದಾಗ ಏನಂದ್ರ ಏನೂ ತಿಂತಿದ್ದಿಲ್ರಿ ಅಜ್ಜಿ. ತಾಟ ಇಟ್ರ ಹಿಂಗ ಕೈ ಚಾಚಿ ಕುಂದರತಿದ್ರು. ಏನೋ ಬೇಡಾಕತ್ತಾರ ಅಂತ ತಿಳದು ಬಿಸ್ಕೀಟ ಇಟ್ಟೆ. ಮೊದಮೊದಲ ಒಗದ್ರು. ಹಸಿವಿ ಯಾರನ್ನ ಬಿಟ್ಟೈತ್ರಿ? ಈಗ ತಿಂತಾರ. ಅನ್ನದ ಉಂಡಿನೂ ಹಂಗ ಇಟ್ಟು ಉಣಸತೇನ್ರಿ."

ಅವ್ವನ ಸೆರಗು ಸರಿಸಿ ನೋಡಿದೆ. ಕೊರಳಲ್ಲಿ ಶಿವದಾರವೂ ಇರಲಿಲ್ಲ, ಕರಡಿಗೆಯೂ ಇರಲಿಲ್ಲ.

"ಬಂದಾಗಿಂದ ಕೊರಳಾಗ ಏನೂ ಇದ್ದಿಲ್ರಿ," ಅಂದಳು ಸಾಯಿರಾ ಗಾಬರಿಯಾಗಿ. ಅವಳಿಗೆ ಏನೆನ್ನಲಿ? ನನ್ನ ಅವ್ವ ಬದುಕಿ ಉಳಿದದ್ದೇ ಅವಳ ಕೈಯಿಂದ.

ಹೊರಗೆ ಬಂದು ಮಲ್ಲೇಶನಿಗೆ ಫೋನು ಹಚ್ಚಿದೆ.

"ಅವ್ವನ ಲಿಂಗ ಎಲ್ಲೈತೋ?"

"ನನ್ನ ಹತ್ರ ಐತಕ್ಕಾ. ಬೆಳ್ಳಿ ಕರಡಗಿ, ಅಲ್ಲಿ ಯಾರರ ತಗೊಂಡ್ರ ಏನ್ ಮಾಡೂದು? ಅವ್ವಗರ ಏನ್ ತಿಳೀತೈತಿ? ದೇವರ ಜಗಲಿ ಮ್ಯಾಲ ಇಟ್ಟೇನಿ. ಅವ್ವನ ಪೂಜಿ ತಪ್ಪಬಾರದಂತ ದಿನಾ ನಾನ ಮಾಡಾಕತ್ತೇನಿ."

ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಪೂಜಿಸಿದರೆ ಅವರ ಪೂಜೆ ಆಗುತ್ತದೆಯೇ? ಇಂಥ ಮೂಢ ನನ್ನ ಬೆನ್ನಿಗೇ ಹುಟ್ಟಬೇಕಿತ್ತೇ?

"ಹಂಗಾರ ಆಕಿ ಪಾಲಿನ ರೊಟ್ಟಿನೂ ನೀನ ತಿನ್ನೋ, ಹೊಟ್ಟಿ ತುಂಬೀತು ಆಕಿದು!" ಅಂತ ಒದರಿದೆ. "ಈಗಿಂದೀಗ ತಗೊಂಡ ಬಾ," ಅಂದು ಫೋನು ಇಟ್ಟೆ.

ಅವನು ಬರುವುದರೊಳಗೆ ಸಾಯಿರಾ ಬಿಸಿನೀರು ಕಾಸಿ ಕೊಟ್ಟಳು. ಇಬ್ಬರೂ ಕೂಡಿ ಅವ್ವನಿಗೆ ಜಳಕ ಮಾಡಿಸಿ, ನನ್ನ ಮೈಮೇಲಿನ ಶಾಲು ಹೊದಿಸಿದೆವು. ಬಾಜೂ ಮಂಚದ ಮುದುಕಿಯ ಹತ್ತಿರ ವಿಭೂತಿ ಸಿಕ್ಕಿತು. ಬಳಿದ ಮೇಲೆ ಆ ಗಿಡ್ಡ ಕೂದಲಿನ ಕೆಳಗೂ ನಮ್ಮ ಅವ್ವನ ಮುಖ ಕಂಡಿತು. ಸಾಯಿರಾ ಅಂಗಳದಿಂದ ದಾಸವಾಳ ತಂದಳು. ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಆಕೆ ಒಂದು ಸಲ ಮೊದಲಿನಂತೆ ಕೂರಬೇಕು, ಯಾರು ಕರೆದರೂ ಏಳದೆ ಕೂರಬೇಕು, ಪೂಜೆ ಮುಗಿಸಿ ನನ್ನ ಸಜ್ಜಕ ಉಣ್ಣಬೇಕು. ಆಮೇಲೆ ಮಕ್ಕಳ ಹೆಸರು ಮರೆತರೂ ಮರೆಯಲಿ.

ಮಧ್ಯಾಹ್ನ ಇಳಿಯುವಾಗ ಮಲ್ಲೇಶ ಗಾಡಿಯ ಮೇಲೆ ಬಂದ. ನನ್ನ ಮುಖ ನೋಡಲಿಲ್ಲ. ಅಂಗಿಯ ಒಳಗಿನಿಂದ ಕರಡಿಗೆ ತೆಗೆದು ಕಣ್ಣಿಗೊತ್ತಿಕೊಂಡು ಕೊಟ್ಟ. ನಾನು ಲಿಂಗ ತೆಗೆದು, ಅವ್ವನ ಎಡಗೈ ಹಿಡಿದು, ಅಂಗೈಯ ನಡುವೆ ಇಟ್ಟೆ.

ಅವ್ವ ಸ್ತಬ್ಧಳಾದಳು. ನೋಟ ಅದರಲ್ಲೇ ನೆಟ್ಟಿತು. ಬೆರಳುಗಳು ಮೆಲ್ಲಗೆ ಅದರ ಸುತ್ತ ಮಡಚಿಕೊಂಡವು. ಮಲ್ಲೇಶ ಬಿಕ್ಕಿಬಿಕ್ಕಿ ಅಳತೊಡಗಿದ. ಬಂದಳು, ನಮ್ಮ ಅವ್ವ ತಿರುಗಿ ಬಂದಳು ಅಂತ ನನ್ನ ಕಣ್ಣೂ ತುಂಬಿತು.

ಅವ್ವ ಕೈಯೆತ್ತಿ ಲಿಂಗವನ್ನು ಬಾಯಿಗೆ ಒಯ್ದಳು.

ನಾನು ಮುಂಗೈ ಹಿಡಿದೆ. ತುಟಿಗೆ ತಾಗಿಬಿಟ್ಟಿತ್ತು. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಒದ್ದಾಡುತ್ತ ಅವ್ವ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ಹೆದರಿಕೆ ಇತ್ತು. ಯಾರ ಮುಂದೂ ತಲೆ ತಗ್ಗಿಸದ ಹೆಂಗಸು ನನ್ನ ಮುಂದೆ ಮುದುರಿಕೊಂಡಳು.

"ಕಸಗೋಬ್ಯಾಡ್ರಿ ಬಾಯಾರ," ಅಂದಳು. "ಹಸಿವ್ಯಾಗೇತ್ರಿ."

ಒಂದೊಂದೇ ಬೆರಳು ಬಿಡಿಸಿ ಲಿಂಗ ತೆಗೆದು ಮಲ್ಲೇಶನ ಕೈಗೆ ಕೊಟ್ಟೆ. ಅವನು ಅದನ್ನು ಕರಡಿಗೆಯೊಳಗಿಟ್ಟು ಮುಚ್ಚಿದ. ಸಜ್ಜಕದ ಡಬ್ಬಿ ತೆಗೆದು ಒಂದು ಚಮಚ ಬಾಯಿಯ ಹತ್ತಿರ ಹಿಡಿದೆ. ಅವ್ವ ಬಾಯಿ ತೆರೆಯಲಿಲ್ಲ. ಎಡಗೈ ಹಾಗೆಯೇ ಚಾಚಿಕೊಂಡಿತ್ತು.

ಸಾಯಿರಾ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲೋ ಬೇಡವೋ ಅನ್ನುವಂತೆ. ನಾನೇ ಎದ್ದು ಹೋಗಿ ಅವಳ ಹತ್ತಿರ ಒಂದು ಬಿಸ್ಕತ್ತು ಇಸಿದುಕೊಂಡು ಬಂದು ಅವ್ವನ ಅಂಗೈಯಲ್ಲಿಟ್ಟೆ. ತಿಂದಳು.